ಸಿಪ್ಪೆಯ ಬಯೋಎಂಜೈಮ್: ಮೂರು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ನಮ್ಮ ಮನೆಗೆ ಕೊಳವೆಬಾವಿಯ ಗಡಸು ನೀರೇ ಗತಿ. ಸ್ನಾನದ ಮನೆಯ ನಲ್ಲಿಗಳ ಮೇಲೆ ಕಟ್ಟುವ ಬಿಳಿಯ ಉಪ್ಪನ್ನು ಉಜ್ಜಿ ಬೇಸತ್ತು, ಆಸಿಡ್‌ನ ಘಾಟನ್ನೂ ಸಹಿಸಲಾರದೆ, ಮೂರು ವರ್ಷಗಳ ಹಿಂದೆ ಮೋಸಂಬಿ, ಕಿತ್ತಳೆ ಮತ್ತು ನಿಂಬೆ ಸಿಪ್ಪೆಗಳನ್ನು ಬೆಲ್ಲದ ನೀರಿನಲ್ಲಿ ಹುದುಗಿಸಿ, ಬಯೋಎಂಜೈಮ್ ಎಂಬ ಶುಚಿಗೊಳಿಸುವ ದ್ರವವನ್ನು ತಯಾರಿಸತೊಡಗಿದೆ. ಸಿಪ್ಪೆ ಸಾಲದಾದಾಗ ಬೀದಿ ತುದಿಯ ಜ್ಯೂಸ್ ಅಂಗಡಿಯಿಂದ ತರುತ್ತೇನೆ. ಹಣ ಕೊಡಬೇಕಾಗಿರುವುದು ಬೆಲ್ಲಕ್ಕೆ ಮಾತ್ರ.

ಅಳತೆ ಎಲ್ಲರಿಗೂ ತಿಳಿದದ್ದೇ: 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, 1 ಲೀಟರ್ ನೀರು, 90 ದಿನಗಳ ಕಾಯುವಿಕೆ. ಮೊದಲ ತಿಂಗಳು ಬೆಲ್ಲ ಹುದುಗುವಾಗ ಅನಿಲ ಹೊರಡುವುದರಿಂದ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಬೇಕು, ಕ್ಯಾನಿನಲ್ಲಿ ಕಾಲು ಭಾಗ ಖಾಲಿ ಬಿಡಬೇಕು, ಗಾಜಿನ ಸೀಸೆಯನ್ನಂತೂ ಬಳಸಲೇಬಾರದು. ಮೊದಲ ವರ್ಷ ನಾನು ಮುಚ್ಚಳವನ್ನು ಬಿಗಿದು ಮದುವೆಗೆಂದು ಊರಿಗೆ ಹೋಗಿದ್ದೆ. ಒಂದು ವಾರದ ನಂತರ ಬಂದು ನೋಡಿದರೆ ಕ್ಯಾನು ಸೀಳಿಹೋಗಿ, ಯುಟಿಲಿಟಿಯ ನೆಲವೆಲ್ಲ ಅಂಟಂಟಾಗಿ, ಇರುವೆಗಳಿಗೆ ಹಬ್ಬವಾಗಿತ್ತು.

ಎಂಜೈಮ್ ಎಂಬ ಹೆಸರು ದೊಡ್ಡದಾದರೂ, ನನ್ನ ಅನುಭವದಲ್ಲಿ ಹೆಚ್ಚಿನ ಕೆಲಸ ಮಾಡುವುದು ಅದರ ಹುಳಿಯೇ. ನಲ್ಲಿಯ ಬಿಳಿ ಪೊರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ, ದ್ರಾವಣದಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟರೆ ಹಳೆಯ ಹಲ್ಲುಜ್ಜುವ ಬ್ರಷ್‌ಗೇ ಅದು ಬಿಟ್ಟುಬರುತ್ತದೆ. ಅದೇ ಹುಳಿ ನಮ್ಮ ದೇವರ ಮನೆಯ ಅಮೃತಶಿಲೆಯ ಹೊಸ್ತಿಲಿನ ಹೊಳಪನ್ನೂ ತಿಂದುಹಾಕಿತು. ಆ ಮಂಕು ಇಂದಿಗೂ ಹೋಗಿಲ್ಲ. ಕಡಪ ಕಲ್ಲು ಸಹ ಸುಣ್ಣಕಲ್ಲಿನ ಜಾತಿಯದೇ ಆದ್ದರಿಂದ ಅಡುಗೆಮನೆಯ ಶೆಲ್ಫುಗಳಿಗೆ ಇದನ್ನು ತಾಗಿಸುವುದಿಲ್ಲ.

ವಿಟ್ರಿಫೈಡ್ ನೆಲ ಒರೆಸಲು ಅರ್ಧ ಬಕೆಟ್ ನೀರಿಗೆ ಎರಡು ಮುಚ್ಚಳ ಸಾಕು. ಜಿಡ್ಡಿನ ವಿಷಯದಲ್ಲಿ ಮಾತ್ರ ನಿರಾಸೆಯಾಯಿತು: ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಜಿಡ್ಡನ್ನು ಕರಗಿಸುತ್ತದೆಂಬುದು ನಿಜವೇ ಆದರೂ, ಇಷ್ಟು ತೆಳುವಾದ ದ್ರಾವಣದಲ್ಲಿ ಅದರ ಪ್ರಮಾಣ ಅಲ್ಪ. ಅಂಟುವಾಳದ ಕಷಾಯ ಬೆರೆಸಿದಾಗ ಒಲೆಯ ಸುತ್ತಲಿನ ಕಲೆ ಹೋಗುತ್ತದೆ. ಚಿಮಣಿಯ ಜಾಲರಿಗೆ ಬಿಸಿನೀರು, ವಾಷಿಂಗ್ ಸೋಡಾವೇ ಬೇಕು.

ಇದನ್ನು ರೋಗಾಣುನಾಶಕವೆಂದು ಮಾತ್ರ ನಾನು ನಂಬುವುದಿಲ್ಲ. ಮನೆಯಲ್ಲಿ ವಾಂತಿಭೇದಿಯಾದಾಗ ಬ್ಲೀಚಿಂಗ್ ಪೌಡರನ್ನೇ ಬಳಸಿದ್ದೇನೆ, ಆದರೆ ಎರಡನ್ನೂ ಒಂದೇ ಬಕೆಟ್ಟಿನಲ್ಲಾಗಲಿ, ಒಂದೇ ನೆಲದ ಮೇಲೆ ಒಂದರ ಬೆನ್ನಿಗೆ ಇನ್ನೊಂದನ್ನಾಗಲಿ ಹಾಕಿಲ್ಲ. ಹುಳಿ ತಾಗಿದರೆ ಬ್ಲೀಚಿನಿಂದ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಮಳೆಗಾಲದಲ್ಲೊಮ್ಮೆ ಕಪ್ಪು ಬೂಷ್ಟು ಹಿಡಿದ ಒಂದು ಕ್ಯಾನನ್ನು ಚೆಲ್ಲಬೇಕಾಯಿತು. ಮೇಲೆ ಬಿಳಿಯ ಕೆನೆ ಕಟ್ಟಿದರೆ ಚಿಂತೆಯಿಲ್ಲ. ಸೋಸಿದ ಚರಟದಲ್ಲಿ ಒಂದು ಹಿಡಿಯನ್ನು ಹೆಪ್ಪಿನಂತೆ ಮುಂದಿನ ಕ್ಯಾನಿಗೆ ಹಾಕುತ್ತೇನೆ, ಹುದುಗುವಿಕೆ ಬೇಗ ಆರಂಭವಾಗುತ್ತದೆ. ಉಳಿದದ್ದು ಗೊಬ್ಬರದ ಗುಂಡಿಗೆ.