ಮರಿಯಮ್ಮನ ಹುಟ್ಟುಹಬ್ಬಕ್ಕೆ ಸೀರೆ ಹೊಲಿಸಬೇಕೇ? ಕೋಲಾರದ ಈ ಟೈಲರ್ ಹತ್ತಿರ ಹೋಗಿ

ಸೆಪ್ಟೆಂಬರ್ 8ರ ಹಬ್ಬಕ್ಕೆ ಯೇಸುಸ್ವಾಮಿಯ ತಾಯಿ ಮಾತೆ ಮರಿಯಮ್ಮನ ಸ್ವರೂಪಕ್ಕೆ, ಅಂದರೆ ಪ್ರತಿಮೆಗೆ, ಹೊಸ ಸೀರೆ ಉಡಿಸುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಕೆಲವರ ಮನೆಯಲ್ಲಿ ಒಂದಡಿಯ ಸ್ವರೂಪ, ಚರ್ಚಿನಲ್ಲಿ ಮೂರು ನಾಲ್ಕು ಅಡಿಯದು. ನಮ್ಮ ಚರ್ಚಿನಲ್ಲಿ ಅಲಂಕಾರದ ಕೆಲಸ ನನ್ನದು. ಎಲ್ಲಿ ಹೊಲಿಸುತ್ತೀರಿ ಅಂತ ಈ ಸಲ ಸುಮಾರು ಜನ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಕೋಲಾರದ ಡೂಮ್‌ಲೈಟ್ ಸರ್ಕಲ್‌ನಿಂದ ಸ್ವಲ್ಪ ಒಳಗೆ ಹೋದರೆ ಸಣ್ಣ ಟೈಲರ್ ಅಂಗಡಿ. ಬೋರ್ಡು ಇಲ್ಲ. ಬಾಗಿಲಲ್ಲಿ ಹಗ್ಗಕ್ಕೆ ಸಾಲಾಗಿ ನೇತು ಹಾಕಿರುವ ಪುಟ್ಟ ಪುಟ್ಟ ಸೀರೆಗಳೇ ಗುರುತು. ಅವು ವರಮಹಾಲಕ್ಷ್ಮಿ ಕಳಸಕ್ಕೆ ಉಡಿಸುವ ರೆಡಿಮೇಡ್ ಸೀರೆಗಳು. ನೆರಿಗೆ ಹಿಡಿದು, ಹೊಲಿದು, ಕಟ್ಟಲು ದಾರ ಇಟ್ಟಿರುತ್ತಾರೆ. ಹೊಲಿಯುವವರು ವಯಸ್ಸಾದ ಮುಸ್ಲಿಂ ಮಾಸ್ಟರ್. ಶ್ರಾವಣ ಬಂತೆಂದರೆ ಅವರಿಗೆ ತಲೆ ಎತ್ತಲೂ ಪುರಸೊತ್ತಿರುವುದಿಲ್ಲ.

ಬೇರೆ ಟೈಲರ್‌ಗಳು ಮೊದಲು ಎತ್ತರ ಎಷ್ಟು ಅಂತ ಕೇಳುತ್ತಾರೆ, ಆಮೇಲೆ ರೇಟು ಹೇಳುತ್ತಾರೆ. ಈ ಮಾಸ್ಟರ್ ಟೇಪು ಮುಟ್ಟುವ ಮೊದಲು ಕೇಳಿದ್ದು ಬೇರೆ. "ಯಾವ ಹಬ್ಬಕ್ಕಮ್ಮಾ? ಆ ದಿನ ಏನಾಯ್ತು?" ಅಂದರು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಸ್ವರೂಪಗಳಿಗೆ ಮುಚ್ಚುವ ನೇರಳೆ ಬಟ್ಟೆಯನ್ನೂ ಹೊಲಿದು ಕೊಟ್ಟವರು ಅವರು. ದುಃಖದ ದಿನಕ್ಕೋ ಸಂತೋಷದ ದಿನಕ್ಕೋ ತಿಳಿಯದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲವಂತೆ. ನನಗೆ ಅಲ್ಲೇ ಇವರ ಮೇಲೆ ಗೌರವ ಬಂತು.

ನಾನೂ ಕೂತು ಹೇಳಿದೆ. ನಮ್ಮಲ್ಲಿ ಸಂತರ ಹಬ್ಬ ಅಂದರೆ ಸಾಮಾನ್ಯವಾಗಿ ಅವರು ತೀರಿಕೊಂಡ ದಿನ. ಆ ದಿನ ಅವರು ದೇವರ ಬಳಿ ಹುಟ್ಟುತ್ತಾರೆ ಅನ್ನುವ ನಂಬಿಕೆ. ಭೂಮಿಯ ಮೇಲೆ ಹುಟ್ಟಿದ ದಿನವನ್ನೇ ಹಬ್ಬ ಮಾಡುವುದು ಮೂವರಿಗೆ ಮಾತ್ರ. ಡಿಸೆಂಬರ್ 25ಕ್ಕೆ ಯೇಸುಸ್ವಾಮಿ, ಜೂನ್ 24ಕ್ಕೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನರು, ಸೆಪ್ಟೆಂಬರ್ 8ಕ್ಕೆ ಮರಿಯಮ್ಮ. ಅಮ್ಮನ ಗರ್ಭದಲ್ಲಿ ಮರಿಯಮ್ಮ ನಿಷ್ಕಳಂಕವಾಗಿ ಮೂಡಿದ ಹಬ್ಬ ಡಿಸೆಂಬರ್ 8. ಅಲ್ಲಿಂದ ಎಣಿಸಿದರೆ ಸರಿಯಾಗಿ ಒಂಬತ್ತು ತಿಂಗಳು. ವೇಲಾಂಕಣಿ ಜಾತ್ರೆ ಮುಗಿಯುವುದೂ ಇದೇ ದಿನ. ಬೆಂಗಳೂರಿನ ಶಿವಾಜಿನಗರದ ಬಸಿಲಿಕಾದಲ್ಲಿ ದೊಡ್ಡ ತೇರು ಎಳೆಯುವುದೂ ಇದೇ ದಿನ.

ಆ ದಿನ ಚರ್ಚಿನ ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ಬೈಬಲಿನ ಮತ್ತಾಯನ ಶುಭಸಂದೇಶದಿಂದ ಯೇಸುಸ್ವಾಮಿಯ ವಂಶಾವಳಿ ಓದುತ್ತಾರೆ. ಅಬ್ರಹಾಮನಿಂದ ಹಿಡಿದು ಹೆಸರಿನ ಮೇಲೆ ಹೆಸರು. ಮಕ್ಕಳಿಗೆ ಬೇಜಾರಾಗುತ್ತದೆ, ನನಗೆ ಮಾತ್ರ ಇಡೀ ವರ್ಷದ ಓದಿನಲ್ಲಿ ತುಂಬಾ ಇಷ್ಟವಾದದ್ದು ಅದೇ. ಅಷ್ಟೊಂದು ಗಂಡಸರ ಹೆಸರಿನ ನಡುವೆ ತಾಮಾರ್, ರಾಹಾಬ್, ರೂತ್, ಊರಿಯನ ಹೆಂಡತಿ ಬರುತ್ತಾರೆ. ಒಬ್ಬೊಬ್ಬರ ಬದುಕೂ ಕಷ್ಟದ್ದು. ರೂತ್ ಪರದೇಶದಿಂದ ಬಂದ ವಿಧವೆ. ಜನ ಆಡಿಕೊಳ್ಳುವಂಥ ಜೀವನ ರಾಹಾಬಳದು. ಈ ಸಾಲಿನ ಕೊನೆಗೆ ಮರಿಯಮ್ಮ. ಹಬ್ಬದ ಅರ್ಥ ನನಗೆ ಸಿಕ್ಕಿದ್ದು ಅಲ್ಲಿ. ದೇವರು ಬರುವ ದಾರಿ ಇಂಥ ಮನೆಗಳ ಒಳಗಿನಿಂದಲೇ ಹಾದು ಬಂದಿದೆ. ಯೇಸುಸ್ವಾಮಿಗಿಂತ ಮೊದಲು ಅವರನ್ನು ಹೆರುವ ಒಂದು ಹೆಣ್ಣು ಮಗು ಹುಟ್ಟಬೇಕಿತ್ತು, ಹುಟ್ಟಿತು.

ಆಕೆ ಹುಟ್ಟಿದ ಕಥೆ ಮಾತ್ರ ಬೈಬಲಿನಲ್ಲಿ ಇಲ್ಲ. ತಂದೆ ಜೋಕಿಮ್, ತಾಯಿ ಅನ್ನಮ್ಮ ಅನ್ನುವ ಹೆಸರುಗಳು ಎರಡನೇ ಶತಮಾನದ ಬೇರೊಂದು ಹಳೆಯ ಬರಹದಿಂದ ಬಂದವು. ಬಹುಕಾಲ ಮಕ್ಕಳಿಲ್ಲದ ಅನ್ನಮ್ಮ, ಗಂಡಾಗಲಿ ಹೆಣ್ಣಾಗಲಿ ದೇವರಿಗೆ ಒಪ್ಪಿಸುತ್ತೇನೆ ಅಂತ ಹರಕೆ ಹೊರುತ್ತಾಳೆ. ಇಷ್ಟು ಹೇಳುವಷ್ಟರಲ್ಲಿ ಮಾಸ್ಟರ್ ಮಿಷನ್ ನಿಲ್ಲಿಸಿದರು. "ಇದು ನಮ್ಮಲ್ಲೂ ಇದೆಯಮ್ಮಾ" ಅಂದರು. ಕುರಾನಿನ ಮೂರನೇ ಅಧ್ಯಾಯದಲ್ಲಿ ಇಮ್ರಾನನ ಹೆಂಡತಿ ಹೊಟ್ಟೆಯಲ್ಲಿರುವ ಮಗುವನ್ನು ದೇವರಿಗೆ ಮುಡಿಪಿಡುತ್ತಾಳೆ. ಹುಟ್ಟಿದ್ದು ಹೆಣ್ಣು. ಮರಿಯಮ್ ಅಂತ ಹೆಸರಿಡುತ್ತಾಳೆ. ಹತ್ತೊಂಬತ್ತನೇ ಅಧ್ಯಾಯಕ್ಕೆ ಆಕೆಯದೇ ಹೆಸರು. "ಹೆಣ್ಣು ಹುಟ್ಟಿದ ಮನೆಗೆ ಗಾಢ ಬಣ್ಣ ಬೇಡ, ತಿಳಿಯದು ತರ್ತೀನಿ" ಅಂತ ಎದ್ದು ಕಪಾಟು ತೆರೆದರು.

ನಾನು ನೀಲಿ ಹೇಳೋಣ ಅಂತ ಹೋಗಿದ್ದೆ. ಅವರು ತೆಗೆದದ್ದು ಬಿಳಿ ರೇಷ್ಮೆ, ಅಂಚು ಮಾತ್ರ ತಿಳಿಗೆಂಪು. ಸೂರ್ಯ ಬರುವ ಮುಂಚೆ ಮೂಡಣದಲ್ಲಿ ಕಾಣುವ ಬಣ್ಣ. ಆ ದಿನ ಫಾದರ್ ಹಾಕಿಕೊಳ್ಳುವ ಪೂಜಾವಸ್ತ್ರವೂ ಬಿಳಿಯೇ ಆದ್ದರಿಂದ ನನಗೆ ಎರಡನೇ ಮಾತೇ ಇರಲಿಲ್ಲ.

ಈಗ ಹೊಲಿಗೆಯ ವಿಷಯ. ಮೂರಡಿಯ ಸ್ವರೂಪಕ್ಕೆ ಐದೂವರೆ ಮೀಟರ್ ಸೀರೆ ಸುತ್ತಿದರೆ ಸೊಂಟದಲ್ಲಿ ಗಂಟು ಕಟ್ಟಿದ ಹಾಗೆ ಉಬ್ಬುತ್ತದೆ. ಮಾಸ್ಟರ್ ಅರ್ಧ ಸೀರೆಯಲ್ಲೇ ಮುಗಿಸುತ್ತಾರೆ. ನೆರಿಗೆಗಳನ್ನು ಒಳಗಿನಿಂದ ಲೈನಿಂಗ್‌ಗೆ ಹಿಡಿದು ಹೊಲಿಯುತ್ತಾರೆ, ಒಂದೂ ಜಾರುವುದಿಲ್ಲ. ನಮ್ಮ ಮರಿಯಮ್ಮನ ಎಡಗೈಯಲ್ಲಿ ಬಾಲಯೇಸು ಇದ್ದಾರೆ. ಸೆರಗು ಆ ಕೈ ಮೇಲೆ ಬಂದರೆ ಮಗುವಿನ ಮುಖ ಮುಚ್ಚುತ್ತದೆ. ಹಳೆಯ ಸೀರೆಗಳಲ್ಲಿ ಇದೇ ತೊಂದರೆ ಇತ್ತು. ಇವರು ಸೆರಗನ್ನು ಎರಡು ತುಂಡು ಮಾಡಿ, ಮಗುವಿನ ಹಿಂದಿನಿಂದ ಒಂದು, ಭುಜದ ಮೇಲಿಂದ ಒಂದು ಬರುವ ಹಾಗೆ ಮಾಡಿದ್ದಾರೆ. ದೂರದಿಂದ ನೋಡಿದರೆ ಒಂದೇ ಸೆರಗು.

ಪಿನ್ನು ಒಂದೂ ಇಲ್ಲ, ಇದು ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ. ವರ್ಷಗಟ್ಟಲೆ ಪಿನ್ನು ಚುಚ್ಚಿ ಸ್ವರೂಪದ ಕುತ್ತಿಗೆಯ ಬಣ್ಣ ಎದ್ದುಹೋಗಿದೆ. ಇಲ್ಲಿ ಬೆನ್ನ ಕಡೆ ಪೂರ್ತಿ ತೆರೆದಿದ್ದು, ಮೇಲಿನಿಂದ ಕೆಳಗೆ ಟಿಚ್ ಬಟನ್. ಜರಿ ಬೆರಳಿಗೆ ಸಿಕ್ಕಿ ಎಳೆ ಬಿಡದ ಹಾಗೆ ಒಳಗೆ ತೆಳು ಹತ್ತಿ ಪಟ್ಟಿ ಇಟ್ಟಿದ್ದಾರೆ. ಅಗ್ಗದ ಸಿಂಥೆಟಿಕ್ ಬಟ್ಟೆ ತೆಗೆದುಕೊಂಡು ಹೋದರೆ ಅವರು ಹೊಲಿಯುವುದೇ ಇಲ್ಲ. ಪಾದದ ಹತ್ತಿರ ಮೇಣದಬತ್ತಿ ಹಚ್ಚುತ್ತೀರಿ, ಕಿಡಿ ಬಿದ್ದರೆ ಕರಗಿ ಸ್ವರೂಪಕ್ಕೇ ಅಂಟುತ್ತದೆ ಅಂತ ನೇರವಾಗಿ ಹೇಳುತ್ತಾರೆ.

ಕೊರತೆಯೂ ಇದೆ. ಹೇಳಿದ ದಿನಕ್ಕೆ ಕೊಡುವುದಿಲ್ಲ. ಆಗಸ್ಟ್ 29ಕ್ಕೆ ಹಬ್ಬದ ಧ್ವಜ ಏರಿಸುವಾಗ ನಮಗೆ ಸೀರೆ ಬಂದಿರಲಿಲ್ಲ, ನವದಿನದ ಪ್ರಾರ್ಥನೆ ಶುರುವಾದ ಮೇಲೆ ಕೈಗೆ ಸಿಕ್ಕಿತು. ಮೊದಲ ಸಂಜೆಗಳಲ್ಲಿ ಮರಿಯಮ್ಮ ಹಳೆಯ ಸೀರೆಯಲ್ಲೇ ಇದ್ದದ್ದು ನನಗೆ ನಿಜಕ್ಕೂ ಬೇಸರ ತಂದಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಅಂಗಡಿಗೇ ಹೋಗಬೇಕು. ಒಳಲಂಗದ ಎಲಾಸ್ಟಿಕ್ ಬಿಗಿಯಾಗಿತ್ತು. ಅದನ್ನು ಎದುರಿಗೇ ಬಿಚ್ಚಿ ದಾರ ಹಾಕಿಕೊಟ್ಟರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹೊಲಿಗೆಗೆ 900 ರೂಪಾಯಿ, ಬಟ್ಟೆ ನಮ್ಮ ಖರ್ಚು. ಕೆಲಸ ನೋಡಿದರೆ ಜಾಸ್ತಿ ಅಲ್ಲ. ಮನೆಯ ಸಣ್ಣ ಸ್ವರೂಪಕ್ಕೆ ಇನ್ನೂ ಕಡಿಮೆ. ಸ್ವರೂಪವನ್ನು ಹೊತ್ತುಕೊಂಡು ಹೋಗುವುದು ಬೇಡ. ಎತ್ತರ, ಭುಜದ ಅಗಲ, ಸೊಂಟದ ಸುತ್ತಳತೆ, ಮಗು ಇರುವ ಕೈ ಮೈಯಿಂದ ಎಷ್ಟು ಮುಂದೆ ಚಾಚಿದೆ ಅನ್ನುವುದನ್ನು ಬರೆದುಕೊಂಡು, ಎದುರು ಮತ್ತು ಪಕ್ಕದಿಂದ ಫೋಟೋ ತೆಗೆದುಕೊಂಡು ಹೋದರೆ ಸಾಕು. ಜುಲೈನಲ್ಲೇ ಕೊಟ್ಟುಬಿಡಿ. ವರಮಹಾಲಕ್ಷ್ಮಿ ಹತ್ತಿರ ಬಂದ ಮೇಲೆ ಹೋದರೆ ಅವರು ಅಳತೆ ಚೀಟಿಯನ್ನೂ ತೆಗೆದುಕೊಳ್ಳುವುದಿಲ್ಲ.