ಬಲೂನ್ ಪಂಪ್: ವಾಲ್ವ್ ಆಪರೇಷನ್‌ಗೆ ಮುಂಚಿನ ಆಸರೆ

ಹಾರ್ಟ್ ಅಟ್ಯಾಕ್ ಆದ ಮೇಲೆ ನಮ್ಮ ಮಾವನವರ ಮೈಟ್ರಲ್ ವಾಲ್ವ್ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ) ಹಿಡಿದಿಡುವ ಸ್ನಾಯು ಹರಿದುಹೋಯಿತು. ರಕ್ತ ಮುಂದೆ ಹೋಗುವ ಬದಲು ಹಿಂದಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ನೀರು ತುಂಬಿತು, ಬಿಪಿ ಕುಸಿಯಿತು. ಆಪರೇಷನ್ ಒಂದೇ ದಾರಿ. ಅಲ್ಲಿಯವರೆಗೆ ಜೀವ ಹಿಡಿದಿಡಲು ಬಲೂನ್ ಪಂಪ್ ಹಾಕಿದರು.

ತೊಡೆಯ ರಕ್ತನಾಳದಿಂದ ಉದ್ದನೆಯ ಬಲೂನನ್ನು ಮಹಾಪಧಮನಿಗೆ ಸೇರಿಸುತ್ತಾರೆ, ಹೃದಯ ಸಡಿಲವಾದಾಗ ಅದು ಹೀಲಿಯಂನಿಂದ ಉಬ್ಬಿ ಹೃದಯದ ರಕ್ತನಾಳಗಳಿಗೆ ರಕ್ತ ತಳ್ಳುತ್ತದೆ, ಹೃದಯ ಹಿಂಡುವ ಹೊತ್ತಿಗೆ ಸರಿಯಾಗಿ ಕುಗ್ಗುತ್ತದೆ. ಆಗ ಎದುರಿನ ಒತ್ತಡ ಇಳಿದು, ಹಿಂದಕ್ಕೆ ಸೋರುವ ರಕ್ತ ಕಡಿಮೆಯಾಗುತ್ತದೆ. 1967ರಲ್ಲಿ ನ್ಯೂಯಾರ್ಕಿನಲ್ಲಿ ಡಾ. ಏಡ್ರಿಯನ್ ಕ್ಯಾಂಟ್ರೊವಿಟ್ಜ್ ತಂಡ ಮೊದಲು ರೋಗಿಗೆ ಬಳಸಿದ ಈ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ ಅಂದರೆ ದೊಡ್ಡ ವಿಷಯ ಅಲ್ವಾ?

ಆದರೆ ಎಲ್ಲರಿಗೂ ಹಾಕುವಂಥದ್ದಲ್ಲ. ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮಹಾಪಧಮನಿಗೆ ತೆರೆಯುವ ಕವಾಟ) ಜಾಸ್ತಿ ಸೋರುತ್ತಿದ್ದರೆ ಬಲೂನ್ ಸೋರಿಕೆಯನ್ನು ಇನ್ನೂ ಹೆಚ್ಚಿಸುತ್ತದೆ. ಹಾರ್ಟ್ ಅಟ್ಯಾಕ್‌ನಿಂದ ಶಾಕ್ (ಹೃದಯ ಸೋತು, ಬಿಪಿ ಕುಸಿದು ದೇಹಕ್ಕೆ ರಕ್ತ ಸಾಲದ ಸ್ಥಿತಿ) ಆದವರಿಗೆಲ್ಲ ಸುಮ್ನೆ ಹಾಕಿದರೆ ಸಾವು ಕಡಿಮೆಯಾಗುವುದಿಲ್ಲ ಎಂದು 2012ರ ಜರ್ಮನಿಯ ದೊಡ್ಡ ಅಧ್ಯಯನ ತೋರಿಸಿತು. ಬಲೂನ್ ಕೊಡುವ ಬಲವೂ ಸೀಮಿತ, ಅದು ಸಾಲದಿದ್ದರೆ ಇಂಪೆಲ್ಲಾ (ಹೃದಯದೊಳಗೆ ಇಡುವ ಪುಟ್ಟ ಪಂಪ್) ಅಥವಾ ಎಕ್ಮೋ (ಹೃದಯ, ಶ್ವಾಸಕೋಶಗಳ ಕೆಲಸವನ್ನು ಹೊರಗಿನಿಂದ ಮಾಡುವ ಯಂತ್ರ) ಬೇಕಾಗುತ್ತದೆ, ಖರ್ಚು ಬಹಳ ಜಾಸ್ತಿ.

ಐಸಿಯು ಸಿಸ್ಟರ್‌ಗಳಿಗೆ ಪೂರ್ತಿ ಅಂಕ. ಕಾಲು ತಣ್ಣಗಾಗಿದೆಯಾ, ಪಾದದ ನಾಡಿ ಸಿಗುತ್ತಿದೆಯಾ ಎಂದು ಮತ್ತೆ ಮತ್ತೆ ನೋಡಿದರು, ಕಾಲು ಮಡಚದಂತೆ ಕಾದರು. ಬೇಸರ ಒಂದೇ: ಸಹಿ ಹಾಕಿಸಿಕೊಂಡ ಕಾಗದ ಪೂರ್ತಿ ಇಂಗ್ಲಿಷ್‌ನಲ್ಲಿತ್ತು, ಅತ್ತೆಗೆ ಒಂದಕ್ಷರವೂ ಗೊತ್ತಾಗಲಿಲ್ಲ. ಕನ್ನಡದಲ್ಲಿ ಒಂದು ಹಾಳೆ ಕೊಡಲೇಬೇಕು.