ಗದ್ದದ ಮೇಲೋ, ಹ್ಯಾಂಡಲ್ ಮೇಲೋ: ಬೀದರ್ ರಸ್ತೆಯಲ್ಲಿ ನನ್ನ ಕ್ಯಾಮೆರಾ ಪ್ರಯೋಗ

ಕಲಬುರಗಿಯಿಂದ ಬೀದರ್‌ಗೆ ಸುಮಾರು 110 ಕಿ.ಮೀ. ಕಮಲಾಪುರ, ಹುಮನಾಬಾದ್ ದಾಟಿ ಹೋಗುವ ಈ ರಸ್ತೆ ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮ ಕಡೆ ಕರಿ ಎರೆ ಹೊಲ, ತೊಗರಿ. ಬೀದರ್ ಹತ್ತಿರ ಬಂದಂತೆ ಮಣ್ಣು ಕೆಂಪಾಗುತ್ತದೆ. ಅಪ್ಪನಿಗೆ ಈಗ ಗಾಡಿ ಮೇಲೆ ಅಷ್ಟು ದೂರ ಕೂರಲು ಆಗುವುದಿಲ್ಲ. ಈ ದಾರಿಯನ್ನು ಅವರಿಗೆ ಮನೆಯ ಟಿವಿಯಲ್ಲಾದರೂ ತೋರಿಸಬೇಕು ಅಂತಲೇ ನಾನು ಆ್ಯಕ್ಷನ್ ಕ್ಯಾಮೆರಾ, ಅಂದರೆ ಗಾಡಿಗೋ ಹೆಲ್ಮೆಟ್ಟಿಗೋ ಕಟ್ಟಿ ಓಡುತ್ತಲೇ ವಿಡಿಯೋ ತೆಗೆಯುವ ಪುಟ್ಟ ಕ್ಯಾಮೆರಾ, ಕೊಂಡೆ.

ಕೊಂಡ ಮೇಲೆ ಎರಡು ಪ್ರಶ್ನೆ ಎದುರಾದವು. ಎಲ್ಲಿ ಕಟ್ಟೋದು? ಚಾರ್ಜ್ ಎಲ್ಲಿಂದ ಕೊಡೋದು? ಇವೆರಡೂ ಬೇರೆ ಬೇರೆ ಅಂದುಕೊಂಡಿದ್ದೆ. ಎರಡು ಬೇಸಿಗೆ ಕಳೆದ ಮೇಲೆ ಗೊತ್ತಾಯಿತು, ಎರಡೂ ಒಂದೇ ಪ್ರಶ್ನೆ. ಕಟ್ಟುವ ಜಾಗ ಬದಲಾದರೆ ಕರೆಂಟ್ ಕೊಡುವ ದಾರಿಯೂ ಬದಲಾಗುತ್ತದೆ.

ಮೊದಲು ಹ್ಯಾಂಡಲ್‌ಗೆ ಕ್ಲಾಂಪ್ ಹಾಕಿದೆ. ಅಗ್ಗ, ಗಟ್ಟಿ, ಎರಡು ನಿಮಿಷದ ಕೆಲಸ. ನನ್ನದು 350 ಸಿಸಿ ಸಿಂಗಲ್ ಸಿಲಿಂಡರ್ ಗಾಡಿ. ಗಂಟೆಗೆ 50 ಕಿ.ಮೀ. ವೇಗದವರೆಗೆ ಚಿತ್ರ ಚೆನ್ನಾಗಿತ್ತು. 70 ದಾಟಿದ ಕೂಡಲೇ ರಸ್ತೆ, ಕರೆಂಟ್ ಕಂಬ, ಎದುರಿನ ಲಾರಿ ಎಲ್ಲವೂ ಜೆಲ್ಲಿಯ ಹಾಗೆ ಅಲುಗಿದವು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಸಲಕ್ಕೆ ಓದುವುದಿಲ್ಲ. ಒಂದೊಂದೇ ಸಾಲು ಓದುತ್ತಾ ಹೋಗುತ್ತದೆ. ಅಷ್ಟರೊಳಗೆ ಎಂಜಿನ್ ನಡುಗಿದರೆ ಒಂದು ಸಾಲಿಗೂ ಇನ್ನೊಂದಕ್ಕೂ ತಾಳೆ ತಪ್ಪುತ್ತದೆ. ತಗ್ಗು ದಿಬ್ಬದ ದೊಡ್ಡ ಕುಲುಕಾಟವನ್ನು ಸ್ಟೆಬಿಲೈಸೇಶನ್ ಸರಿಮಾಡುತ್ತದೆ. ಈ ಸಣ್ಣ, ಬಿರುಸು ನಡುಕ ಅದರ ಕೈಗೆ ಸಿಗುವುದಿಲ್ಲ. ನಡುಕ ತಡೆಯುವ ರಬ್ಬರ್ ಡ್ಯಾಂಪರ್ ಹಾಕಿದೆ, ಕ್ಲಾಂಪಿಗೂ ಕ್ಯಾಮೆರಾಗೂ ನಡುವಿನ ಉದ್ದ ತೋಳು ತೆಗೆದು ಗಿಡ್ಡ ತೋಳು ಹಾಕಿದೆ. ತೋಳು ಉದ್ದವಾದಷ್ಟೂ ನಡುಕ ಜಾಸ್ತಿ. ಅಲುಗಾಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ದುಡ್ಡು ಉಳಿಸಲು ಅಲ್ಲಿ ಫೋನನ್ನೇ ಕಟ್ಟೋಣ ಅಂತ ಹಲವರಿಗೆ ಅನಿಸುತ್ತದೆ. ದಯವಿಟ್ಟು ಬೇಡ. ದೊಡ್ಡ ಎಂಜಿನ್ ಗಾಡಿಗಳ ನಡುಕಕ್ಕೆ ಐಫೋನ್ ಕ್ಯಾಮೆರಾದ ಗುಣಮಟ್ಟ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು.

ಎದೆಗೆ ಕಟ್ಟುವ ಪಟ್ಟಿ ಒಂದೇ ವಾರ ಬಳಸಿದೆ. ನಡುಕ ಇಲ್ಲ, ಕ್ಲಚ್ ಹಿಡಿದ ಕೈ ಚೆನ್ನಾಗಿ ಕಾಣುತ್ತದೆ. ಆದರೆ ಸ್ವಲ್ಪ ಬಾಗಿ ಕೂತರೆ ಬರೀ ಪೆಟ್ರೋಲ್ ಟ್ಯಾಂಕ್. ಮೇ ತಿಂಗಳಲ್ಲಿ ಜಾಕೆಟ್ ಮೇಲೆ ಇನ್ನೊಂದು ಪಟ್ಟಿ ಬಿಗಿದುಕೊಳ್ಳೋದು ನಮ್ಮ ಊರಿನ ಕೆಲಸ ಅಲ್ಲ.

ನಾನು ನಿಂತಿದ್ದು ಚಿನ್ ಮೌಂಟ್ ಹತ್ತಿರ, ಅಂದರೆ ಫುಲ್ ಫೇಸ್ ಹೆಲ್ಮೆಟ್ಟಿನ ಗದ್ದದ ಮೇಲೆ. ಗಾಡಿಯ ನಡುಕವನ್ನು ನಮ್ಮ ಬೆನ್ನು, ಕುತ್ತಿಗೆಗಳೇ ನುಂಗಿಬಿಡುತ್ತವೆ. ಜೊತೆಗೆ ನಾವು ನೋಡಿದ ಕಡೆ ಕ್ಯಾಮೆರಾವೂ ನೋಡುತ್ತದೆ. ಬೀದರ್ ಹಳೇ ಊರಿನಲ್ಲಿ ಚೌಬಾರಾ ಗೋಪುರದ ಹತ್ತಿರ ಗಾಡಿ ನಿಲ್ಲಿಸಿ ತಲೆ ಎತ್ತಿದೆ, ಗೋಪುರ ತುದಿತನಕ ಬಂತು. ಅಲ್ಲಿಂದ ಕೋಟೆ ಕಡೆ ಹೋಗುವಾಗ 1472ರ ಮಹಮೂದ್ ಗವಾನ್ ಮದರಸಾ ಕಡೆ ತಲೆ ತಿರುಗಿಸಿದೆ, ಗೋಡೆಯ ಮೇಲೆ ಉಳಿದಿರುವ ನೀಲಿ ಹೆಂಚುಗಳೂ ಬಂದವು. ಹ್ಯಾಂಡಲ್ ಕ್ಯಾಮೆರಾಗೆ ಅಲ್ಲಿ ಸಿಕ್ಕಿದ್ದು ಬರೀ ಆಟೋಗಳ ಬೆನ್ನು. ಅಪ್ಪ ಚೌಬಾರಾ ಬಂದಾಗ ವಿಡಿಯೋ ನಿಲ್ಲಿಸು ಅಂದು, ಸುಮ್ನೆ ನೋಡುತ್ತ ಕೂತರು.

ಆದರೆ ಅಂಟಿಸುವಾಗ ತಾಳ್ಮೆ ಬೇಕು. ಮೊದಲ ಸಲ ಮಧ್ಯಾಹ್ನ ಅಂಟಿಸಿ ಸಂಜೆಗೇ ಹೊರಟೆ. ಕಮಲಾಪುರದ ಹತ್ತಿರ ಮೌಂಟ್ ಕಿತ್ತು ಬಂತು. ಹೆಲ್ಮೆಟ್ ಪಟ್ಟಿಗೆ ದಾರ ಕಟ್ಟಿದ್ದೆ, ಇಲ್ಲದಿದ್ದರೆ ಕ್ಯಾಮೆರಾ ಲಾರಿ ಚಕ್ರದ ಪಾಲಾಗುತ್ತಿತ್ತು. ಈಗ ಧೂಳು, ಎಣ್ಣೆ ಪಸೆ ಒರೆಸಿ, ಒತ್ತಿ ಅಂಟಿಸಿ, ಮನೆಯೊಳಗೆ 24 ಗಂಟೆ ಬಿಡುತ್ತೇನೆ. ಹೆಲ್ಮೆಟ್‌ಗೆ ತೂತು ಮಾತ್ರ ಕೊರೆಯಬೇಡಿ, ಚಿಪ್ಪಿನ ಬಲ ಹೋಗುತ್ತದೆ. ನೆತ್ತಿ ಮೇಲೆ ಕಟ್ಟುವುದೂ ನನಗೆ ಒಪ್ಪಿಗೆಯಿಲ್ಲ. ಗಾಳಿ ಎಳೆದು ಕುತ್ತಿಗೆ ನೋಯುತ್ತದೆ. ಬಿದ್ದರೆ ಅದೇ ಮೊದಲು ನೆಲಕ್ಕೆ ಬಡಿಯಬಹುದು.

ಇನ್ನು ಚಾರ್ಜ್ ವಿಷಯ. ನನ್ನ ಕ್ಯಾಮೆರಾದ ಬ್ಯಾಟರಿ 1720 ಎಂಎಎಚ್. 4ಕೆ, ಅಂದರೆ ತುಂಬ ಸ್ಪಷ್ಟವಾದ ವಿಡಿಯೋಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬರುತ್ತದೆ, ಅಂದರೆ ಹುಮನಾಬಾದ್ ತನಕ. ಎರಡು ಬ್ಯಾಟರಿ ಹೆಚ್ಚಿಗೆ ಇಟ್ಟುಕೊಂಡರೆ ಸಾಕು ಅಂತ ಬಹಳ ದಿನ ಅಂದುಕೊಂಡಿದ್ದೆ. ಚಳಿಗಾಲದಲ್ಲಿ ಸಾಕಾಯಿತು. ಬೇಸಿಗೆಯಲ್ಲಿ ಚಾರ್ಜ್ ಮುಗಿಯುವ ಮೊದಲೇ ಕ್ಯಾಮೆರಾ ಕಾದು ನಿಂತುಹೋಗುತ್ತಿತ್ತು. ಕಲಬುರಗಿಯ ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ಗಾಳಿ ಆಡದೆ ಎರಡು ನಿಮಿಷ ನಿಂತರೂ ಮುಗಿಯಿತು. ಕ್ಯಾಮೆರಾ ತಯಾರಿಸಿದವರು ಹೇಳುವ ಮಿತಿ 35 ಡಿಗ್ರಿ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 42 ಅಂದರೆ ಯಾರೂ ಹುಬ್ಬೇರಿಸುವುದಿಲ್ಲ, ಅಲ್ವಾ?

ಪವರ್ ಬ್ಯಾಂಕ್ ಜೋಡಿಸಿದೆ. ಮೊದಮೊದಲು ಇನ್ನೂ ಬೇಗ ಕಾಯಿತು! ಒಳಗಿನ ಬ್ಯಾಟರಿ ಚಾರ್ಜ್ ಆಗುತ್ತಾ ಬಿಸಿಯಾಗುತ್ತದೆ, ರೆಕಾರ್ಡಿಂಗಿನ ಬಿಸಿಯೂ ಅದಕ್ಕೆ ಸೇರುತ್ತದೆ. ಕೊನೆಗೆ ಒಳಗಿನ ಬ್ಯಾಟರಿ ತೆಗೆದು, ಬರೀ ಕೇಬಲ್ ಮೇಲೆ ಓಡಿಸಿದೆ. ನನ್ನ ಕ್ಯಾಮೆರಾ ಹಾಗೆ ಓಡುತ್ತದೆ. ನಿಮ್ಮದು ಓಡುತ್ತದೋ ಮನೆಯಲ್ಲೇ ಪರೀಕ್ಷೆ ಮಾಡಿ. ಇಷ್ಟು ಮಾಡಿ, 4ಕೆ ಬಿಟ್ಟು ಅದಕ್ಕಿಂತ ಕಡಿಮೆ ಸ್ಪಷ್ಟತೆಯ 1080ಕ್ಕೆ ಇಳಿದ ಮೇಲೆ ಬೆಳಿಗ್ಗೆ 10ರವರೆಗೆ ತೊಂದರೆ ಬರಲಿಲ್ಲ. ನಡು ಮಧ್ಯಾಹ್ನಕ್ಕೆ ಏನು ಮಾಡಿದರೂ ಉಪಯೋಗವಿಲ್ಲ, ಆಗ ಮರದ ನೆರಳೇ ಗತಿ.

10,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 37 ವ್ಯಾಟ್ ಅವರ್, ಅಂದರೆ 1 ವ್ಯಾಟ್ ಎಳೆದರೆ 37 ಗಂಟೆ. ನಷ್ಟ ಕಳೆದು 30 ಅಂತ ಇಟ್ಟುಕೊಳ್ಳಿ. ಕ್ಯಾಮೆರಾ ಸುಮಾರು 6 ವ್ಯಾಟ್ ಎಳೆದರೆ 5 ಗಂಟೆ. ಬೀದರ್‌ಗೆ ಹೋಗಿ ಬರಲು ಆಯಿತು. ಒಂದು ಕುಂದು ಇದೆ. ಕೇಬಲ್ ಜಾರಿದರೆ ಕ್ಯಾಮೆರಾ ಅಲ್ಲೇ ಆರುತ್ತದೆ, ಆಗ ತೆಗೆಯುತ್ತಿದ್ದ ವಿಡಿಯೋ ಕೆಡಬಹುದು.

ಗಾಡಿಯ ಬ್ಯಾಟರಿಯಿಂದಲೇ ಯುಎಸ್‌ಬಿ ಎಳೆಯುವುದು ಇನ್ನೊಂದು ದಾರಿ. ಚಾರ್ಜ್ ಮುಗಿಯುವ ಚಿಂತೆಯೇ ಇಲ್ಲ. ಆದರೆ ಫ್ಯೂಸ್ ಬೇಕೇ ಬೇಕು, ಮತ್ತು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಹೋಗುವಂತೆ ರಿಲೇ, ಅಂದರೆ ತಾನೇ ಆನ್-ಆಫ್ ಆಗುವ ಸ್ವಿಚ್, ಬೇಕು. ನಾನು ರಿಲೇ ಇಲ್ಲದೆ ನೇರ ಕೊಟ್ಟಿದ್ದೆ. ಗಾಡಿ ಕೆಲವು ದಿನ ನಿಂತಿತ್ತು, ಆಮೇಲೆ ಸೆಲ್ಫ್ ಹಿಡಿಯಲೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ಗಾಡಿಯ ಕೇಬಲ್ ಹೆಲ್ಮೆಟ್ಟಿಗೆ ಹೋಗಲೇಬಾರದು. ಬಿದ್ದರೆ ನೀವು ಒಂದು ಕಡೆ, ಗಾಡಿ ಒಂದು ಕಡೆ ಹೋಗಬೇಕು. ನಡುವೆ ತಂತಿ ಇರಬಾರದು. ಹಾಗಾಗಿ ಗಾಡಿಯ ಕರೆಂಟ್ ಹ್ಯಾಂಡಲ್ ಕ್ಯಾಮೆರಾಗೆ, ಹೆಲ್ಮೆಟ್ ಕ್ಯಾಮೆರಾಗೆ ಜಾಕೆಟ್ ಜೇಬಿನ ಪವರ್ ಬ್ಯಾಂಕ್. ಅಲ್ಲೂ ಎಳೆದರೆ ತಾನೇ ಬಿಟ್ಟುಕೊಳ್ಳುವ ಮ್ಯಾಗ್ನೆಟ್ ಕೇಬಲ್ ಹಾಕಿಕೊಂಡಿದ್ದೇನೆ.

ಮಳೆಗಾಲಕ್ಕೆ ಈ ಲೆಕ್ಕವೆಲ್ಲ ತಿರುಗುತ್ತದೆ. ಕೇಬಲ್ ಹಾಕಲು ಕ್ಯಾಮೆರಾದ ಬಾಗಿಲು ತೆರೆದಿರಬೇಕು, ನೀರು ಒಳಗೆ ಹೋಗುತ್ತದೆ. ಚಿಂಚೋಳಿ ಕಾಡಿನ ಕಡೆ ಜುಲೈನಲ್ಲಿ ಹೋಗುವಾಗ ಪವರ್ ಬ್ಯಾಂಕ್ ಮನೆಯಲ್ಲೇ ಬಿಡುತ್ತೇನೆ. ಗದ್ದದ ಮೇಲೆ ಕ್ಯಾಮೆರಾ, ಬಾಗಿಲು ಭದ್ರ, ಜೇಬಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮೂರು ಬ್ಯಾಟರಿ. ಆ ತಂಪಿನಲ್ಲಿ ಕ್ಯಾಮೆರಾ ಒಮ್ಮೆಯೂ ಕಾದು ನಿಂತಿಲ್ಲ.